ತಲೆಕಟ್ಟು ಮತ್ತು ಸಂಕೇತಸಂಖ್ಯೆ: ಬೆಜವಾಡದ ಶಾಸನದಿಂದ ಡೊಮೈನ್ ಹೆಸರಿನವರೆಗೆ ಕನ್ನಡ-ತೆಲುಗು ಲಿಪಿ

ವಿಜಯವಾಡವು ಇನ್ನೂ ಬೆಜವಾಡವೆಂದೇ ಪ್ರಸಿದ್ಧವಾಗಿದ್ದ ಕಾಲದಲ್ಲಿ ಜಯಂತಿ ರಾಮಯ್ಯ ಪಂತುಲು ಅವರು ಸಂಪಾದಿಸಿ ಪ್ರಕಟಿಸಿದ ಯುದ್ಧಮಲ್ಲನ ಸ್ತಂಭಶಾಸನವು ತೆಲುಗು ಸಾಹಿತ್ಯಚರಿತ್ರೆಯಲ್ಲಿ ಹೇಗೋ ಹಾಗೆ ಕನ್ನಡದ ಅಭ್ಯಾಸಿಗಳಿಗೂ ಮುಖ್ಯವಾದುದು. ಅದರ ಭಾಷೆ ತೆಲುಗು; ಛಂದಸ್ಸು ಮಧ್ಯಾಕ್ಕರ, ಎಂದರೆ ನಮ್ಮ ನಾಗವರ್ಮನು ಲಕ್ಷಣ ಹೇಳಿರುವ ಅಕ್ಕರಗಳ ಬಳಗಕ್ಕೆ ಸೇರಿದುದು; ಲಿಪಿ ಮಾತ್ರ ಆ ಕಾಲದಲ್ಲಿ ವೇಂಗಿಗೂ ಕರ್ನಾಟಕಕ್ಕೂ ಸಮಾನವಾಗಿದ್ದುದು. ಅಚ್ಚೆಯನ್ನು ಮುಂದಿಟ್ಟುಕೊಂಡ ಕನ್ನಡದ ವಿದ್ಯಾರ್ಥಿಯು ಅಕ್ಷರಗಳನ್ನು ಬಹುಮಟ್ಟಿಗೆ ತಡೆಯಿಲ್ಲದೆ ಓದುತ್ತ ಹೋಗಿ, ಪದಗಳು ಕೈಗೆ ಸಿಕ್ಕದಿದ್ದಾಗಲೇ ತಾನು ಓದುತ್ತಿರುವುದು ತೆಲುಗೆಂದು ಅರಿಯುತ್ತಾನೆ. ಈ ಅನುಭವವನ್ನು ನಾವು ತರಗತಿಯಲ್ಲಿ ಅನೇಕ ಬಾರಿ ಕಂಡಿದ್ದೇವೆ. ಶಾಸನದ ಭಾಷೆಯನ್ನು ತಿಳಿಸುತ್ತಿದ್ದುದು ಲಿಪಿಯಲ್ಲ, ಮಾತು. ಇಂದಿನ ಗಣಕಯಂತ್ರದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅದು ಮೊದಲು ಲಿಪಿಯ ಸಂಖ್ಯೆಯನ್ನು ಕೇಳುತ್ತದೆ. ಮಾತು ಅದಕ್ಕೆ ಗೊತ್ತಿಲ್ಲ. ಈ ವಿಪರ್ಯಾಸವು ಅಂತರಜಾಲದ ಹೆಸರುಗಳ ವ್ಯವಸ್ಥೆಯಲ್ಲಿ ಯಾವ ತೊಡಕನ್ನು ತಂದಿತು, ಅದನ್ನು ಬಿಡಿಸುವಾಗ ಹಳೆಯ ಲಿಪಿಚರಿತ್ರೆ ಹೇಗೆ ಮರಳಿ ಬಂದಿತು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವೆವು. ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮನಾದ ಕುಬ್ಜವಿಷ್ಣುವರ್ಧನನು 7ನೆಯ ಶತಮಾನದ ಪೂರ್ವಾರ್ಧದಲ್ಲಿ ವೇಂಗಿಯಲ್ಲಿ ಪೂರ್ವಚಾಲುಕ್ಯ ವಂಶವನ್ನು ನೆಲೆಗೊಳಿಸಿದನು. ಅವನ ತಾಮ್ರಶಾಸನಗಳಲ್ಲೊಂದು ಅಂದಿನ ವಿಶಾಖಪಟ್ಟಣ ಜಿಲ್ಲೆಗೆ ಸೇರಿದ್ದ ಚೀಪುರುಪಲ್ಲಿಯಲ್ಲಿ ದೊರೆತಿದೆ. ಪಶ್ಚಿಮದ ಸಂಬಂಧವು ಆ ಕರಾವಳಿಯಲ್ಲಿ ಆಮೇಲೂ ಅಳಿಯಲಿಲ್ಲ. ಅನಂತವರ್ಮ ಚೋಡಗಂಗನ ಶಕ 1040ರ ವಿಶಾಖಪಟ್ಟಣ ತಾಮ್ರಶಾಸನವು ಕಳಿಂಗದ ಗಂಗರ ಮೂಲವನ್ನು ಗಂಗವಾಡಿಯ ಕೋಲಾಹಲಪುರಕ್ಕೆ ಕೊಂಡೊಯ್ಯುತ್ತದೆ. ವಂಶಾವಳಿಯ ಮಾತನ್ನು ಅಕ್ಷರಶಃ ನಂಬಬೇಕೆಂದಿಲ್ಲ. ಆದರೆ ಹಾಗೆ ಹೇಳಿಕೊಳ್ಳುವುದು ಅವರಿಗೆ ಗೌರವವೆನಿಸಿತ್ತು ಎಂಬುದಂತೂ ನಿಜ. ಪಂಪನ ಪೂರ್ವಜರು ವೇಂಗಿಮಂಡಲದವರೆಂಬುದನ್ನೂ, ಅವನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಪದ್ಯಗಳನ್ನು ಬರೆಯಿಸಿದನೆಂಬುದನ್ನೂ ಬಲ್ಲವರಿಗೆ ಈ ಪ್ರದೇಶದ ಭಾಷಾಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1874ರಲ್ಲಿ ಬರ್ನೆಲ್ ಈ ಲಿಪಿಯ ಪೂರ್ವಶಾಖೆಯನ್ನು ವೇಂಗಿ ಲಿಪಿಯೆಂದು ಕರೆದನು. 1896ರಲ್ಲಿ ಬ್ಯೂಲರ್ ಎರಡು ಭಾಷೆಗಳ ಹೆಸರನ್ನೂ ಕೂಡಿಸಿ ಕನ್ನಡ-ತೆಲುಗು ಲಿಪಿಯೆಂದೇ ಹೆಸರಿಟ್ಟನು. ಅನಂತರದ ಶತಮಾನಗಳಲ್ಲಿ ಎರಡೂ ನಿಧಾನವಾಗಿ ಬೇರೆಯಾದವು. ಅಚ್ಚಿನ ಮೊಳೆಗಳು ಬಂದ ಮೇಲೆ ತಲೆಕಟ್ಟಿನ ಭೇದ ಸ್ಥಿರವಾಯಿತು: ನಮ್ಮದು ಅಡ್ಡಗೆರೆಯಂತೆ ಮಲಗಿತು, ಅವರದು ಕೊಕ್ಕೆಯಂತೆ ಮೇಲೆದ್ದಿತು. ಕಕಾರ, ತಕಾರ, ಶಕಾರ, ಹಕಾರಗಳಲ್ಲಿ ಒಡಲೂ ಬದಲಾಯಿತು. ಗಕಾರ, ಜಕಾರ, ನಕಾರ, ರಕಾರಗಳಲ್ಲಿ ಬದಲಾದದ್ದು ಅತ್ಯಲ್ಪ.

ಗಣಕಯಂತ್ರದ ಲಿಪಿಸಂಕೇತಗಳ ವಿಷಯದಲ್ಲಿ ಭಾರತವು ಮೊದಲು ಹಿಡಿದ ದಾರಿ ಬ್ಯೂಲರನ ದಾರಿಗೆ ಹತ್ತಿರವಾದುದು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಅಂಗೀಕರಿಸಿದ ಇಸ್ಕಿ ಸಂಕೇತದಲ್ಲಿ ಬ್ರಾಹ್ಮೀಮೂಲದ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ. ಕಕಾರಕ್ಕೆ ಒಂದೇ ಸಂಖ್ಯೆ. ಅದು ಕನ್ನಡವಾಗಿ ತೋರಬೇಕೋ ತೆಲುಗಾಗಿ ತೋರಬೇಕೋ ಎಂಬುದು ಹೊರಗಿನ ಸೂಚನೆಗೆ ಬಿಟ್ಟದ್ದು. ಅದೇ 1991ರಲ್ಲಿ ಹೊರಬಂದ ಯೂನಿಕೋಡ್ ಈ ಪಟ್ಟಿಯ ಕ್ರಮವನ್ನು ಉಳಿಸಿಕೊಂಡಿತು, ಐಕ್ಯವನ್ನು ಉಳಿಸಿಕೊಳ್ಳಲಿಲ್ಲ. ಪ್ರತಿ ಲಿಪಿಗೂ 128 ಮನೆಗಳ ಒಂದೊಂದು ಕೇರಿ. ತೆಲುಗಿನ ಕೇರಿ ಮುಗಿದೊಡನೆ ಕನ್ನಡದ ಕೇರಿ. ಆದುದರಿಂದ ತೆಲುಗಿನ ಯಾವುದೇ ಸಾಮಾನ್ಯ ಅಕ್ಷರದ ಸಂಖ್ಯೆಗೆ 128ನ್ನು ಕೂಡಿಸಿದರೆ ಅದೇ ವರ್ಣದ ಕನ್ನಡ ಅಕ್ಷರ ದೊರೆಯುತ್ತದೆ. ಕಣ್ಣಿಗೆ ಒಂದಾಗಿರುವುದು ಯಂತ್ರಕ್ಕೆ ಎರಡು. ಇದರ ಕಹಿಯನ್ನು ನಾವೂ ಉಂಡಿದ್ದೇವೆ. ಒಮ್ಮೆ ವಿಶಾಖಪಟ್ಟಣದಿಂದ ನಮಗೆ ಬಂದ ಶಾಸನಪಾಠವೊಂದರಲ್ಲಿ ಕಣ್ಣೆದುರಿಗೇ ಇದ್ದ ಊರಿನ ಹೆಸರನ್ನು ಯಂತ್ರದಲ್ಲಿ ಹುಡುಕಿದರೆ ಒಂದೂ ಸಿಗಲಿಲ್ಲ. ತಲೆಕಟ್ಟಿನ ಕೊಕ್ಕೆಯನ್ನು ನಾವು ಗಮನಿಸುವಷ್ಟರಲ್ಲಿ ಅರ್ಧ ದಿನ ಕಳೆದಿತ್ತು.

ಇನ್ನು ಹೆಸರುಗಳ ವಿಷಯ. ಅಂತರಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಅಂಕಿಯ ವಿಳಾಸವಿದೆ. ಅದನ್ನು ನೆನಪಿಡುವುದು ಕಷ್ಟವಾದ್ದರಿಂದ 1983ರಲ್ಲಿ ಪಾಲ್ ಮೋಕಾಪೆಟ್ರಿಸ್ ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದರು. ಅದರ ರೂಢಿಯಂತೆ ಹೆಸರಿನಲ್ಲಿ ಬರಬಹುದಾದವು ರೋಮನ್ ಲಿಪಿಯ 26 ಅಕ್ಷರ, 10 ಅಂಕಿ, ಒಂದು ಅಡ್ಡಗೆರೆ. ಚುಕ್ಕೆಯಿಂದ ಚುಕ್ಕೆಗೆ 63ಕ್ಕೆ ಮೀರಬಾರದು. ಕನ್ನಡವೇ ಮೊದಲಾದ ಲಿಪಿಗಳಿಗೆ ಎಡೆ ಮಾಡುವಾಗ ಈ ಹಳೆಯ ಕಟ್ಟಡವನ್ನು ಕೆಡವಲಿಲ್ಲ. 2003ರಲ್ಲಿ ಆಡಂ ಕಾಸ್ಟೆಲೊ ಅವರ ಪ್ಯೂನಿಕೋಡ್ ಎಂಬ ವಿಧಾನವು ಮಾನಕವಾಯಿತು. ಓದುಗನು ಕನ್ನಡದಲ್ಲಿ ಬರೆದ ಹೆಸರನ್ನು ಅದು ರೋಮನ್ ಅಕ್ಷರ ಮತ್ತು ಅಂಕಿಗಳ ಸಾಲಾಗಿ ಬದಲಿಸುತ್ತದೆ. ಹಾಗೆ ಬದಲಾದದ್ದೆಂಬುದಕ್ಕೆ ಗುರುತಾಗಿ ಮುಂದೆ ಎಕ್ಸ್, ಎನ್ ಎಂಬ ಎರಡಕ್ಷರವೂ ಎರಡು ಅಡ್ಡಗೆರೆಯೂ ನಿಲ್ಲುತ್ತವೆ. ಈ ಕೆಲಸವನ್ನು ಪ್ರತಿ ತಂತ್ರಾಂಶವೂ ತಾನೇ ಮಾಡಿಕೊಳ್ಳಬೇಕಾಗಿಲ್ಲ. ಸ್ವೀಡನ್ನಿನ ಸೈಮನ್ ಯೋಸೆಫ್‌ಸನ್ ಅವರು ಗ್ನೂ ಯೋಜನೆಗಾಗಿ ಬರೆದ ಲಿಬ್‌ಐಡಿಎನ್ ಎಂಬ ಮುಕ್ತ ಸಂಕೇತಭಂಡಾರವನ್ನು ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದು, ತಿದ್ದಬಹುದು. ಲಿನಕ್ಸ್ ಯಂತ್ರಗಳ ಆಧಾರವಾದ ಗ್ನೂ ಸಿ ಭಂಡಾರವು 2018ರ 2.28ನೆಯ ಆವೃತ್ತಿಯಿಂದ ಇದರ ಎರಡನೆಯ ರೂಪವನ್ನು ಆಶ್ರಯಿಸಿದೆ. ಒಂದೇ ಯಂತ್ರವು ಹಲವು ವಿಚಾರಣೆಗಳನ್ನು ಏಕಕಾಲಕ್ಕೆ ನಿಭಾಯಿಸಲು ರಾಲ್ಫ್ ಎಂಗೆಲ್‌ಶಾಲ್ ಅವರ ಗ್ನೂ ಪಿಟಿಎಚ್‌ನಂತಹ ಹಗುರ ಎಳೆಗಳ ಭಂಡಾರಗಳೂ ಇದೇ ಸಮುದಾಯದಿಂದ ಬಂದವು; ಅದು ಬೇರೆಯ ಪ್ರಕರಣ, ಇಲ್ಲಿ ಬೆಳೆಸುವುದಿಲ್ಲ.

ಪ್ಯೂನಿಕೋಡಿನ ಒಂದು ಗುಣ ಲಿಪಿಶಾಸ್ತ್ರದ ವಿದ್ಯಾರ್ಥಿಗೆ ಕುತೂಹಲಕರವಾದುದು. ಅದು ಅಕ್ಷರಗಳ ಸಂಖ್ಯೆಯನ್ನು ಹಾಗೆಯೇ ಬರೆಯುವುದಿಲ್ಲ, ಅವುಗಳ ನಡುವಣ ಅಂತರವನ್ನು ಬರೆಯುತ್ತದೆ. ಮೊದಲು ಲಿಪಿಯ ಕೇರಿಗೆ ಹೋಗುವ ದೂರ, ಆಮೇಲೆ ಕೇರಿಯೊಳಗೆ ಮನೆಯಿಂದ ಮನೆಗೆ ಇರುವ ದೂರ ಮತ್ತು ಸ್ಥಾನ. ಕನ್ನಡದ ‘ಭಾರತ’ ಎಂಬ ಹೆಸರು ಗುರುತಿನ ಅನಂತರ 2, ಎಸ್, ಸಿ, ಆರ್, ಜೆ, 9, ಸಿ ಎಂದಾಗುತ್ತದೆ. ತೆಲುಗಿನ ‘ಭಾರತ್’ ಎಫ್, ಪಿ, ಸಿ, ಆರ್, ಜೆ, 9, ಸಿ, 3, ಡಿ ಎಂದಾಗುತ್ತದೆ. ಕೊನೆಯ 3 ಮತ್ತು ಡಿ ತೆಲುಗಿನ ಹಲಂತಚಿಹ್ನೆಗೆ ಸೇರಿದವು. ಅವನ್ನು ಬಿಟ್ಟರೆ ಮೊದಲ ಎರಡು ಗುರುತುಗಳಷ್ಟೇ ಬೇರೆ, ಉಳಿದುದೆಲ್ಲ ಒಂದೇ. ದೇವನಾಗರಿಯ ‘ಭಾರತ’ವೂ ಆರ್, ಜೆ, 9, ಸಿ ಎಂದೇ ಮುಗಿಯುತ್ತದೆ. ಪ್ರಾತಿಶಾಖ್ಯಗಳ ಕಾಲದಿಂದ ಬಂದ ವರ್ಣಮಾಲೆಯ ಕ್ರಮವು, ರೋಮನ್ ವೇಷ ತೊಟ್ಟ ಮೇಲೂ, ಹೀಗೆ ತನ್ನನ್ನು ತೋರಿಸಿಕೊಳ್ಳುತ್ತಿದೆ. (ತೆಲುಗು ಅಜಂತ ಭಾಷೆಯೆಂದು ಹೆಸರಾದುದು, ಆದರೂ ಇಲ್ಲಿ ಹಲಂತವನ್ನು ಆರಿಸಿಕೊಂಡದ್ದು ತೆಲುಗು, ಅಜಂತವನ್ನು ಉಳಿಸಿಕೊಂಡದ್ದು ಕನ್ನಡ.) ತೆಲುಗಿನ ಈ ಅಗ್ರನಾಮವು 2011ರಲ್ಲಿಯೇ ಅಂತರಜಾಲದ ಮೂಲವಲಯವನ್ನು ಸೇರಿತು, ಕನ್ನಡದ್ದು ಕೆಲವು ವರ್ಷಗಳ ಅನಂತರ.

ಶೀರ್ಷಿಕೆಯಲ್ಲಿ ಹೇಳಿದ ಊರಿಗೆ ಮರಳುವೆವು. ‘ವಿಜಯವಾಡ’ ಎಂಬ ಹೆಸರಿನ ಕಾಗುಣಿತ ಎರಡು ಭಾಷೆಗಳಲ್ಲಿಯೂ ಒಂದೇ. ವಿ, ಜ, ಯ, ವಾ, ಡ ಎಂಬ ಐದಕ್ಷರಗಳ ಒಡಲೂ ಎರಡು ಲಿಪಿಗಳಲ್ಲಿ ಬಹುಮಟ್ಟಿಗೆ ಒಂದೇ. ನಾವು ಲೆಕ್ಕ ಹಾಕಿ ನೋಡಿದಾಗ, ಕನ್ನಡದ ಹೆಸರು ಯು, ಎಸ್ ಎಂದೂ ತೆಲುಗಿನದು 6, ಒ ಎಂದೂ ಆರಂಭವಾಗಿ, ಮುಂದಿನ ಎಲ್ಲ ಗುರುತುಗಳೂ ಸಮಾನವಾಗಿರುವುದು ಕಂಡುಬಂದಿತು. ಸಣ್ಣ ಅಕ್ಷರದಲ್ಲಿ, ಮೊಬೈಲಿನ ಪರದೆಯ ಮೇಲೆ, ಆತುರದಲ್ಲಿರುವ ಓದುಗನಿಗೆ ಇವೆರಡರ ಭೇದ ತಿಳಿಯುವುದೆಂದು ಹೇಳಲಾಗದು. ವಿಶಾಖಪಟ್ಟಣದ ಮಾತು ಬೇರೆ. ಅಲ್ಲಿ ಶಕಾರವೇ ಲಿಪಿಯನ್ನು ಬಿಟ್ಟುಕೊಡುತ್ತದೆ; ಮೇಲಾಗಿ ತೆಲುಗಿನಲ್ಲಿ ಆ ಹೆಸರು ‘ಪಟ್ನಂ’ ಎಂದು ಮುಗಿಯುತ್ತದೆ. 1926ರಲ್ಲಿ ಬೆಜವಾಡದಲ್ಲಿ ಆರಂಭವಾದ ಆಂಧ್ರ ವಿಶ್ವವಿದ್ಯಾಲಯವು 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತಷ್ಟೆ. ಒಂದೇ ಸಂಸ್ಥೆಗೆ ನೆಲೆಯಾದ ಎರಡು ಊರುಗಳ ಪೈಕಿ ಒಂದರ ಹೆಸರನ್ನು ಕಪಟದಿಂದ ಅನುಕರಿಸಬಹುದು, ಇನ್ನೊಂದರದನ್ನು ಅಷ್ಟು ಸುಲಭವಾಗಿ ಅನುಕರಿಸಲಾಗದು. ಕಾರಣ, ಕೆಲವು ಶತಮಾನಗಳ ಹಿಂದೆ ಯಾವ ಅಕ್ಷರದ ಒಡಲು ಬದಲಾಯಿತು, ಯಾವುದರದು ಬದಲಾಗಲಿಲ್ಲ ಎಂಬುದು.

ಕಪಟವೆಂದದ್ದು ಅತಿಶಯೋಕ್ತಿಯಲ್ಲ. ಬ್ಯಾಂಕಿನದೋ ಸರ್ಕಾರಿ ಕಛೇರಿಯದೋ ಹೆಸರನ್ನು ಹೋಲುವ ಇನ್ನೊಂದು ಹೆಸರನ್ನು ನೋಂದಾಯಿಸಿ ಜನರ ಹಣವನ್ನು ಲಪಟಾಯಿಸುವುದು ಅಂತರಜಾಲದ ಹಳೆಯ ಪಿಡುಗು. ಇದಕ್ಕಾಗಿ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆಯು ಲಿಪಿವಾರು ನಿಯಮಗಳನ್ನು ರೂಪಿಸಲು ತಜ್ಞರ ತಂಡಗಳನ್ನು ಕೇಳಿಕೊಂಡಿತು. ನಮ್ಮ ಭಾಗದ ಒಂಬತ್ತು ಲಿಪಿಗಳಿಗೆ ಒಂದೇ ತಂಡ. ಅದರ ಹೆಸರು ನವಬ್ರಾಹ್ಮೀ ತಂಡವೆಂಬುದನ್ನು ಕೇಳಿ ನಮಗೆ ಸಂತೋಷವೇ ಆಯಿತು. ಅದು ಸಿದ್ಧಪಡಿಸಿದ ಕನ್ನಡ ಮತ್ತು ತೆಲುಗು ನಿಯಮಗಳು 2019ರಲ್ಲಿ ಮೂಲವಲಯದ ನಿಯಮಾವಳಿಯನ್ನು ಸೇರಿದವು. ಅದರಂತೆ ಎರಡು ಲಿಪಿಗಳಲ್ಲಿ ಒಂದೇ ಎನ್ನುವಷ್ಟು ಹೋಲುವ ಅಕ್ಷರಗಳು ಪರಸ್ಪರ ಪರ್ಯಾಯಗಳು. ಹೆಸರೊಂದರ ಎಲ್ಲ ಅಕ್ಷರಗಳೂ ಅಂಥವಾದರೆ, ಒಂದು ಲಿಪಿಯಲ್ಲಿ ಅದನ್ನು ಕೊಟ್ಟೊಡನೆ ಇನ್ನೊಂದು ಲಿಪಿಯಲ್ಲಿ ಅದೇ ಹೆಸರಿಗೆ ಬಾಗಿಲು ಮುಚ್ಚುತ್ತದೆ. ಯೂನಿಕೋಡ್ ಬೇರ್ಪಡಿಸಿದ್ದನ್ನು ಈ ನಿಯಮವು ಭಾಗಶಃ ಮತ್ತೆ ಕೂಡಿಸಿತು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಜನರ ರಕ್ಷಣೆಯ ದೃಷ್ಟಿಯಿಂದ ನಿಯಮ ಯುಕ್ತವೇ. ಆದರೆ ಇದರಲ್ಲಿ ಮೊದಲು ಬಂದವನದೇ ಹಕ್ಕು. ‘ರಂಗ’, ‘ಜನ’, ‘ನಗರ’ದಂತಹ ಪದಗಳು ಎರಡು ಭಾಷೆಗಳ ಸಮಾನಸ್ವತ್ತು, ಒಂದು ಭಾಷೆಯವರು ಅಂಥದನ್ನು ಅಗ್ರನಾಮವಾಗಿ ಪಡೆದರೆ ಇನ್ನೊಂದು ಭಾಷೆಯವರು ಅದನ್ನು ತಮ್ಮ ಲಿಪಿಯಲ್ಲಿ ಬರೆಯುವ ಅವಕಾಶವನ್ನೇ ಕಳೆದುಕೊಳ್ಳಬಹುದು. ಶಾಸನಗಳ ಕಾಲದಲ್ಲಿ ಸಮಾನಲಿಪಿಯೆಂದರೆ ಇಬ್ಬರಿಗೂ ಓದಲು ಬರುವುದು ಎಂದರ್ಥವಾಗಿತ್ತು. ಇಲ್ಲಿ ಇಬ್ಬರಲ್ಲೊಬ್ಬರಿಗೆ ಮಾತ್ರ ದಕ್ಕುವುದು ಎಂದಾಗಿದೆ. ಈ ನಿಯಮವು ಹೆಸರಿನ ಬಲತುದಿಯ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ, ಅದರ ಕೆಳಗಿನ ಹೆಸರುಗಳಿಗೆ ಆಯಾ ನೋಂದಣಿ ಸಂಸ್ಥೆಯ ನಿಯಮವೇ ಪ್ರಮಾಣ ಎಂಬುದನ್ನೂ ಹೇಳಬೇಕು.

ಇನ್ನೊಂದು ತೊಡಕು ಕನ್ನಡದ ಅಭ್ಯಾಸಿಗಳಿಗೆ ಹತ್ತಿರದ್ದು. ‘ಷಟ್‌ಸ್ಥಲ’ ಎಂಬುದನ್ನು ಟಕಾರಕ್ಕೆ ಒತ್ತಕ್ಷರ ಕೊಡದೆ ಬಿಡಿಸಿ ಬರೆಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ವಿಭಾಜಕಚಿಹ್ನೆ ಬೇಕು. 2003ರ ನಿಯಮವು ಅದನ್ನು ಸದ್ದಿಲ್ಲದೆ ಕಿತ್ತುಹಾಕುತ್ತಿತ್ತು. 2010ರಲ್ಲಿ ಪ್ರಕಟವಾದ ಪರಿಷ್ಕೃತ ಮಾನಕವು ಹಲಂತದ ಅನಂತರ ಅದಕ್ಕೆ ಎಡೆಗೊಟ್ಟಿತು. ಮೂಲವಲಯದಲ್ಲಿ ಮಾತ್ರ ಈಗಲೂ ಅವಕಾಶವಿಲ್ಲ.

ಸಂಶೋಧಕರಿಗೆ ಇದರಿಂದ ಒದಗುವ ಕೆಲಸವೊಂದಿದೆ. ಕನ್ನಡನಾಡಿನ ಹೊರಗಿದ್ದು ವೇಂಗಿಯ ಶಾಸನಗಳನ್ನು ಗಣಕಕ್ಕೆ ಏರಿಸುವವರು ಮೂಲಪಾಠವನ್ನು ಯಾವ ಸಂಕೇತದಲ್ಲಿ ಇಡಬೇಕು? ಭಾಷೆ ಯಾವುದೋ ಆ ಸಂಕೇತದಲ್ಲಿ ಇಡುವುದು ಸರಿಯೆಂದು ನಾವು ಭಾವಿಸುತ್ತೇವೆ. ಯುದ್ಧಮಲ್ಲನ ಶಾಸನ ತೆಲುಗಿನಲ್ಲಿಯೇ ಇರಲಿ. ಜೊತೆಗೆ 128ನ್ನು ಕೂಡಿಸಿ ಪಡೆದ ಕನ್ನಡದ ಪ್ರತಿಯೊಂದಿದ್ದರೆ ಎರಡು ಕಡೆಯ ಹುಡುಕಾಟಕ್ಕೂ ಅದು ಸಿಗುತ್ತದೆ. ಆದರೆ ಈ ಕೂಡುವಿಕೆ ಎಲ್ಲೆಡೆ ನಡೆಯದು. ತೆಲುಗಿನ ದಂತ್ಯ ಚಕಾರ ಜಕಾರಗಳಿಗೆ ಕನ್ನಡದ ಕೇರಿಯಲ್ಲಿ ಮನೆಯಿಲ್ಲ. ಹಳಗನ್ನಡದ ೞಕಾರದ ಕಥೆ ಇನ್ನೂ ವಿಚಿತ್ರ. ಯೂನಿಕೋಡಿನಲ್ಲಿ ಅದು ಕೇರಿಯ ಕೊನೆಯಲ್ಲೆಲ್ಲೋ ಕುಳಿತಿದೆ, ಅದಕ್ಕಿಟ್ಟ ಹೆಸರೂ ತಪ್ಪು: ‘ಎಫ್‌ಎ’, ಎಂದರೆ ‘ಫ’. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿ ಇಲ್ಲದ್ದರಿಂದ ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ತೆಲುಗಿನ ೞಕಾರಕ್ಕೆ 2014ರಲ್ಲಿ ಳಕಾರದ ಪಕ್ಕದಲ್ಲಿಯೇ ಯೋಗ್ಯವಾದ ಮನೆ ದೊರೆಯಿತು; ಅದಕ್ಕೆ 128ನ್ನು ಕೂಡಿಸಿದರೆ ಕನ್ನಡದಲ್ಲಿ ಸಿಗುವುದು ಖಾಲಿ ಮನೆ. ಪ್ರಾಚೀನ ತೆಲುಗು ಶಾಸನಗಳಲ್ಲಿ ೞಕಾರ ಬಂದಲ್ಲೆಲ್ಲ ಯಂತ್ರವನ್ನು ನಂಬದೆ ಕೈಯಿಂದಲೇ ತಿದ್ದಬೇಕು.