ಅತ್ತಾರನ ಅಂಗಡಿ: ಔಷಧವೆಂಬ ಅಮಾನತ್ತು

ರೋಗವೂ ಶಮನವೂ ಅಲ್ಲಾಹನ ಅಧೀನದಲ್ಲಿವೆ ಎಂಬುದು ನಮ್ಮ ವಿಶ್ವಾಸ. ಆದರೆ ಈ ವಿಶ್ವಾಸವು ನಮ್ಮನ್ನು ಕೈಕಟ್ಟಿ ಕುಳಿತುಕೊಳ್ಳಲು ಕಲಿಸಿಲ್ಲ. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯವು ಜೇನಿನಲ್ಲಿ ಮನುಷ್ಯರಿಗೆ ಶಮನವಿದೆ ಎಂದು ತಿಳಿಸುತ್ತದೆ. ಅಲ್ಲಾಹನು ಇಳಿಸಿದ ಪ್ರತಿಯೊಂದು ರೋಗಕ್ಕೂ ಮದ್ದನ್ನು ಇಳಿಸಿದ್ದಾನೆಂದು ಪ್ರವಾದಿವರ್ಯರು(ಸ) ಕಲಿಸಿದರು. ಚಿಕಿತ್ಸೆ ಪಡೆಯಿರಿ, ನಿಷಿದ್ಧ ವಸ್ತುವಿನಿಂದ ಬೇಡ ಎಂದೂ ಆದೇಶಿಸಿದರು. ದೊಡ್ಡ ಕಾಯಿಲೆಗಳಿಗೆ ಹಕೀಮರಿದ್ದರು. ಆದರೆ ನೆಗಡಿ, ಕೆಮ್ಮು, ತಲೆನೋವು, ಅಜೀರ್ಣದಂತಹ ದಿನನಿತ್ಯದ ತೊಂದರೆಗಳಿಗೆ ನಮ್ಮ ಹಿರಿಯರು ಎಲ್ಲಿಗೆ ಹೋಗುತ್ತಿದ್ದರು?

ಅಂಗಡಿಗೇ ಹೋಗುತ್ತಿದ್ದರು. ಬೂದಿಗೆರೆಯಂತಹ ಊರುಗಳ ಜನರು ಗ್ರಂಧಿಗೆ ಅಂಗಡಿ ಎಂದು ಕರೆಯುವುದನ್ನೇ ದಖನಿ ಮಾತನಾಡುವ ಮನೆಗಳವರು ಅತ್ತಾರನ ಅಂಗಡಿ ಎನ್ನುತ್ತಾರೆ. ಹೊಟ್ಟೆನೋವಿಗೆ ಓಮ, ಕೆಮ್ಮಿಗೆ ಅತಿಮಧುರ ಮತ್ತು ಹಿಪ್ಪಲಿ, ಮಲಬದ್ಧತೆಗೆ ಸೋನಾಮುಖಿ ಮತ್ತು ಇಸಬ್‌ಗೋಲ್, ಹಸುಗೂಸಿಗೆ ತೇಯ್ದು ನೆಕ್ಕಿಸಲು ಬಜೆ ಮತ್ತು ಅಳಲೆಕಾಯಿ, ನೆಗಡಿಗೆ ಉನ್ನಾಬ್, ಸಪಿಸ್ತಾನ್, ಬನಫ್ಶಾ ಸೇರಿಸಿ ಕುದಿಸುವ ಜೋಶಾಂದಾ ಅಲ್ಲಿ ದೊರೆಯುತ್ತಿದ್ದವು. ಚೀಟಿಯಿಲ್ಲದೆ ಪೊಟ್ಟಣ ಕಟ್ಟಿ ಕೊಡುವ ಈ ಪದ್ಧತಿಯ ಹಿಂದೆ ಸಾವಿರ ವರ್ಷಗಳ ಜ್ಞಾನಪರಂಪರೆಯೊಂದಿದೆ.

ರಯ್ ನಗರದ ಮಹಾವೈದ್ಯ ಅಬೂಬಕ್ರ್ ಅರ್‌ರಾಝಿ (ಮರಣ ಕ್ರಿ.ಶ. 925) ರಯ್ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದವರು. ಇಷ್ಟು ದೊಡ್ಡ ವಿದ್ವಾಂಸರು ಜನಸಾಮಾನ್ಯರಿಗಾಗಿಯೇ ಒಂದು ಗ್ರಂಥ ಬರೆದರು. ಅದರ ಹೆಸರು 'ಮನ್ ಲಾ ಯಹ್‌ದುರುಹು ಅತ್ತಬೀಬ್', ಅಂದರೆ 'ವೈದ್ಯನು ಬಳಿಯಲ್ಲಿಲ್ಲದವನಿಗೆ'. ಅಡುಗೆಮನೆಯಲ್ಲೂ ಮಾರುಕಟ್ಟೆಯಲ್ಲೂ ಸುಲಭವಾಗಿ ಸಿಗುವ ವಸ್ತುಗಳಿಂದ ಸಾಮಾನ್ಯ ಕಾಯಿಲೆಗಳನ್ನು ನಿವಾರಿಸುವ ವಿಧಾನ ಅದರಲ್ಲಿದೆ. ಬಡವರ ವೈದ್ಯಶಾಸ್ತ್ರವೆಂದೇ ಅದು ಹೆಸರಾಯಿತು. ಜ್ಞಾನವನ್ನು ಬಚ್ಚಿಡದೆ ಬಡವನ ಮನೆಬಾಗಿಲಿಗೆ ತಲುಪಿಸುವುದು ಸೇವೆಯೆಂದು ಅವರು ತಿಳಿದಿದ್ದರು.

ಆದರೆ ಮದ್ದು ಸುಲಭವಾಗಿ ಸಿಗುವಲ್ಲಿ ಮೋಸವೂ ಅಜ್ಞಾನವೂ ಸುಲಭವಾಗಿ ನುಸುಳುತ್ತವೆ. ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆ ಮಾಡಿದವನು ಅದರಿಂದಾದ ಹಾನಿಗೆ ಹೊಣೆಗಾರನೆಂಬ ಪ್ರವಾದಿ(ಸ)ವಚನವನ್ನು ಅಬೂದಾವೂದ್ ಮತ್ತು ಇಬ್ನುಮಾಜ ಉದ್ಧರಿಸಿದ್ದಾರೆ. ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒದ್ದೆಯಾದುದನ್ನು ಅಡಿಯಲ್ಲಿ ಅಡಗಿಸಿಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಎಚ್ಚರಿಸಿದ ಘಟನೆ ಸಹೀಹ್ ಮುಸ್ಲಿಮಿನಲ್ಲಿದೆ. ಧಾನ್ಯದ ವಿಷಯದಲ್ಲೇ ಹೀಗಿರುವಾಗ ರೋಗಿಯ ಬಾಯಿಗೆ ಹೋಗುವ ಮದ್ದಿನ ವಿಷಯದಲ್ಲಿ ಹೇಳಬೇಕೆ?

ಮುಸ್ಲಿಮ್ ಸಮಾಜವು ಈ ಬೋಧನೆಯನ್ನು ವ್ಯವಸ್ಥೆಯಾಗಿ ರೂಪಿಸಿತು. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬನು ಸತ್ತಾಗ, ಖಲೀಫ ಅಲ್‌ಮುಕ್ತದಿರ್ ನಗರದ ವೈದ್ಯರನ್ನು ಪರೀಕ್ಷಿಸುವಂತೆ ಸಿನಾನ್ ಬಿನ್ ಸಾಬಿತರಿಗೆ ಆಜ್ಞಾಪಿಸಿದರು. ಅಂದು 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಒಳಗಾದರೆಂದು ಚರಿತ್ರಕಾರರು ದಾಖಲಿಸಿದ್ದಾರೆ. ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬನು ಅತ್ತಾರರ ಹಾಗೂ ಶರಬತ್ತು ತಯಾರಿಸುವವರ ತೂಕವನ್ನೂ ಶುದ್ಧತೆಯನ್ನೂ ಪರಿಶೀಲಿಸುತ್ತಿದ್ದನು. 1260ರ ಸುಮಾರಿಗೆ ಕೈರೋದಲ್ಲಿ ಕೂಹೀನ್ ಅಲ್‌ಅತ್ತಾರ್ ಎಂಬ ಯಹೂದಿ ಔಷಧ ವ್ಯಾಪಾರಿಯು ತನ್ನ ಮಗನಿಗಾಗಿ 'ಮಿನ್ಹಾಜುದ್ದುಕ್ಕಾನ್' ಎಂಬ ಗ್ರಂಥ ರಚಿಸಿದನು. ಔಷಧದ ಅಂಗಡಿಯನ್ನು ನಡೆಸುವ ಮಾರ್ಗವನ್ನು ಕಲಿಸುವ ಈ ಪುಸ್ತಕವನ್ನು ಮುಸ್ಲಿಮ್ ಅತ್ತಾರರೂ ಶತಮಾನಗಳ ಕಾಲ ಬಳಸಿದರು. ಜ್ಞಾನಕ್ಕೆ ಜಾತಿಮತಗಳ ಗೋಡೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈ ಪರಂಪರೆಯು ಯುನಾನಿ ಎಂಬ ಹೆಸರಿನಲ್ಲಿ ನಮ್ಮ ನಾಡಿಗೂ ಬಂತು. ನಮ್ಮ ನೆರೆಯ ದೇವನಹಳ್ಳಿಯಲ್ಲಿ 1750ರಲ್ಲಿ ಜನಿಸಿದ ಟಿಪ್ಪು ಸುಲ್ತಾನರ ಗ್ರಂಥಾಲಯದಲ್ಲಿ ವೈದ್ಯಗ್ರಂಥಗಳೂ ಇದ್ದವು. 1809ರಲ್ಲಿ ಚಾರ್ಲ್ಸ್ ಸ್ಟೀವರ್ಟ್ ಪ್ರಕಟಿಸಿದ ಆ ಗ್ರಂಥಾಲಯದ ಪಟ್ಟಿಯಲ್ಲಿ ವೈದ್ಯಕ್ಕೆ ಪ್ರತ್ಯೇಕ ಸ್ಥಾನವಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೊಟ್ಟಣದ ಜೊತೆಗೆ ಮುದ್ರಿತ ಚೀಟಿಯ ಸೀಸೆಯೂ ಬಂತು. 1892ರಲ್ಲಿ ಬಂಗಾಳದ ಅಂಚೆ ಕಚೇರಿಗಳಲ್ಲಿ ಮಲೇರಿಯಾ ಜ್ವರಕ್ಕೆ ಕ್ವಿನೈನ್ ಪೊಟ್ಟಣಗಳ ಮಾರಾಟ ಆರಂಭವಾಯಿತು. 1893ರಲ್ಲಿ ಕಾಶೀನಾಥುನಿ ನಾಗೇಶ್ವರ ರಾವ್ ಮುಂಬಯಿಯಲ್ಲಿ ಅಮೃತಾಂಜನವನ್ನು ತಯಾರಿಸಿದರು. 1906ರಲ್ಲಿ ಹಕೀಮ್ ಹಾಫಿಝ್ ಅಬ್ದುಲ್ ಮಜೀದ್ ದೆಹಲಿಯಲ್ಲಿ ಹಮ್‌ದರ್ದ್ ದವಾಖಾನೆಯನ್ನು ತೆರೆದರು. 1920ರಲ್ಲಿ ಹಕೀಮ್ ಮುಹಮ್ಮದ್ ಮುಯಿಝುದ್ದೀನ್ ಫಾರೂಕಿ ಹೈದರಾಬಾದಿನಲ್ಲಿ ಝಿಂದಾ ತಿಲಿಸ್ಮಾತ್ ಆರಂಭಿಸಿದರು. ನೀಲಗಿರಿ ಎಣ್ಣೆ, ಕರ್ಪೂರ, ಪುದೀನ ಸತ್ವ, ಓಮದ ಸತ್ವ ಬೆರೆತ ಆ ಕೆಂಪು ದ್ರವವು, 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರುಗಳ ಮನೆಗಳಲ್ಲಿ ಚಿರಪರಿಚಿತವಾಯಿತು.

ಸೀಸೆಯೊಡನೆ ಜಾಹೀರಾತಿನ ಅತಿಶಯೋಕ್ತಿಯೂ ಬೆಳೆಯಿತು. ಆಗ ಮುಹ್ತಸಿಬನ ಕೆಲಸವನ್ನು ಕಾನೂನು ವಹಿಸಿಕೊಂಡಿತು. 1940ರ ಔಷಧ ಕಾಯ್ದೆಯು 1964ರ ತಿದ್ದುಪಡಿಯಿಂದ ಯುನಾನಿ ಮತ್ತು ಆಯುರ್ವೇದ ಔಷಧಗಳ ತಯಾರಿಕೆಗೂ ಅನ್ವಯವಾಯಿತು. ಪವಾಡದ ಮದ್ದಿನ ಜಾಹೀರಾತುಗಳನ್ನು ತಡೆಯಲು 1954ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಹಮ್‌ದರ್ದ್ ಸಂಸ್ಥೆಯೇ ಅದನ್ನು ಪ್ರಶ್ನಿಸಿದಾಗ, ಸುಪ್ರೀಂ ಕೋರ್ಟು 1959ರ ಡಿಸೆಂಬರಿನಲ್ಲಿ ಕೆಲವು ಭಾಗಗಳನ್ನು ರದ್ದುಪಡಿಸಿತು. ಆದರೆ ನಿಷಿದ್ಧ ಔಷಧಗಳ ಜಾಹೀರಾತು ವಾಕ್‌ಸ್ವಾತಂತ್ರ್ಯದ ರಕ್ಷಣೆಗೆ ಒಳಪಡದು ಎಂದು ತೀರ್ಪಿತ್ತಿತು.

ಇಂದು ನಮ್ಮ ಸ್ಥಿತಿ ಏನು? ಪೂರ್ವಿಕರ ಪೊಟ್ಟಣವನ್ನು ನಾವು ಉಳಿಸಿಕೊಂಡೆವು, ಪೊಟ್ಟಣದ ಹಿಂದಿದ್ದ ಎಚ್ಚರವನ್ನು ಮರೆತೆವು. ಓಮ ಕೇಳುವಷ್ಟೇ ಸಲೀಸಾಗಿ ಮೆಡಿಕಲ್ ಅಂಗಡಿಯಲ್ಲಿ ಆ್ಯಂಟಿಬಯೋಟಿಕ್ ಕೇಳುತ್ತೇವೆ. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯಲ್ಲಿ ಉಳಿದುದನ್ನು ಇನ್ನೊಬ್ಬರಿಗೆ ನುಂಗಿಸುತ್ತೇವೆ. ಅನೇಕ ಆ್ಯಂಟಿಬಯೋಟಿಕ್‌ಗಳು ಸೇರಿರುವ ಎಚ್1 ಪಟ್ಟಿ 2014ರ ಮಾರ್ಚಿನಲ್ಲಿ ಜಾರಿಗೆ ಬಂದಿದ್ದು, ಅವನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಅಂಗಡಿಯವರು ಬರೆದಿಡಲೇಬೇಕು. ಈ ನಿಯಮವನ್ನು ತಪ್ಪಿಸಿಕೊಳ್ಳಲು ಅಂಗಡಿಯವನನ್ನು ಒತ್ತಾಯಿಸುವುದು ಜಾಣತನವಲ್ಲ.

ಮನೆಮದ್ದಿನಲ್ಲೂ ವಿವೇಕ ಬೇಕು. ಜೇನು ಶಮನವೆಂಬುದು ಸತ್ಯ. ಆದರೆ ಒಂದು ವರ್ಷ ತುಂಬದ ಮಗುವಿಗೆ ಅದನ್ನು ಕೊಡಬಾರದೆಂದು ವೈದ್ಯರು ಎಚ್ಚರಿಸುತ್ತಾರೆ. ತಹ್ನೀಕಿಗೆ ಪ್ರವಾದಿವರ್ಯರು(ಸ) ಬಳಸಿದ್ದು ಖರ್ಜೂರವನ್ನು. ಮಾರುಕಟ್ಟೆಯ ಕೆಲವು ಸುರ್ಮಾಗಳಲ್ಲಿ ಸೀಸದ ವಿಷ ಕಂಡುಬಂದಿದೆ. ಸುನ್ನತ್ತಿನ ಹೆಸರು ಅಂಟಿಸಿದ ಮಾತ್ರಕ್ಕೆ ಕಲಬೆರಕೆ ಶುದ್ಧವಾಗುವುದಿಲ್ಲ.

ದೇಹವು ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟ ಅಮಾನತ್ತು. ಮದ್ದು ಮಾರುವವನು, ಕೊಳ್ಳುವವನು, ಮಗುವಿನ ಬಾಯಿಗೆ ಹಾಕುವ ತಾಯಿತಂದೆ, ಎಲ್ಲರೂ ಆ ಅಮಾನತ್ತಿಗೆ ಉತ್ತರ ಹೇಳಬೇಕಾದವರು. ಓಮ, ಶುಂಠಿ, ಕರಿಜೀರಿಗೆಗಳನ್ನು ತಿಳಿದು ಬಳಸೋಣ. ತಿಳಿಯದಿದ್ದಲ್ಲಿ ತಿಳಿದವರನ್ನು ಕೇಳೋಣ. ಜ್ವರ ಇಳಿಯದಿದ್ದರೆ ವೈದ್ಯರ ಬಳಿಗೆ ಹೋಗಲು ತಡಮಾಡದಿರೋಣ. ಶಮನ ನೀಡುವವನಾದ ಅಲ್ಲಾಹನು ನಮ್ಮ ರೋಗಿಗಳಿಗೆ ಆರೋಗ್ಯವನ್ನೂ ನಮಗೆ ವಿವೇಕವನ್ನೂ ಕರುಣಿಸಲಿ. ಆಮೀನ್.