ಕಡತದಲ್ಲಿ ಬಿಟ್ಟುಹೋದ ಒಂದು ಸಾಲು

ಪದಕ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸಮವಸ್ತ್ರದ ಮೇಲೆ ಹೊಳೆಯುವ ಬಿಲ್ಲೆ. ಆದರೆ ಸೇನೆಯ ಲೆಕ್ಕದಲ್ಲಿ ಪದಕ ಅಂದರೆ ಮೊದಲು ಬರಹ, ಆಮೇಲೆ ಬಿಲ್ಲೆ. ಕಡತದಲ್ಲಿ ಆ ಒಂದು ಸಾಲು ಇಲ್ಲದಿದ್ದರೆ, ಗುಂಡಿನ ಕಲೆ ಮೈಮೇಲೆ ಕಾಣುತ್ತಿದ್ದರೂ ಕಚೇರಿ ಸುಲಭವಾಗಿ ಒಪ್ಪುವುದಿಲ್ಲ.

ಅಮೆರಿಕದ ಸೇನೆಯಿಂದ ಬಿಡುಗಡೆಯಾದವರಿಗೆ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ಡಿಡಿ 214 ಎಂದು ಹೆಸರು. ಎಷ್ಟು ವರ್ಷ ಸೇವೆ, ಯಾವ ಹುದ್ದೆ, ಯಾವ ಯಾವ ಪದಕ, ಎಲ್ಲವೂ ಅದರಲ್ಲಿರುತ್ತದೆ. ಇದು ಬರೀ ಗೋಡೆಗೆ ತೂಗುಹಾಕುವ ಕಾಗದವಲ್ಲ. ಉದಾಹರಣೆಗೆ, ಯುದ್ಧದಲ್ಲಿ ಗಾಯಗೊಂಡವರಿಗೆ ಸಿಗುವ 'ಪರ್ಪಲ್ ಹಾರ್ಟ್' ಅದರಲ್ಲಿ ನಮೂದಾಗಿದ್ದರೆ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಆದ್ಯತೆ ಸಿಗುತ್ತದೆ. ಸತ್ತ ಮೇಲೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣಾಗುವ ಹಕ್ಕೂ ಸಿಗುತ್ತದೆ. ಹೀಗಿರುವಾಗ ಒಂದು ಸಾಲು ಬಿಟ್ಟುಹೋದರೆ ಆ ಸೈನಿಕ ಏನು ಮಾಡಬೇಕು? ಅರ್ಜಿ ಹಾಕಬೇಕು. ಅರ್ಜಿ ಹಾಕಲು ಅವನೇ ಬದುಕಿಲ್ಲದಿದ್ದರೆ?

ಹೆನ್ರಿ ಜಾನ್ಸನ್ ಅವರ ಕಥೆ ಅಂಥದ್ದು. ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದ ಈ ಕಪ್ಪು ವರ್ಣೀಯ ಯುವಕ ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ರೈಲು ನಿಲ್ದಾಣದಲ್ಲಿ ಕೂಲಿಯಾಗಿ ಸಾಮಾನು ಹೊರುತ್ತಿದ್ದರು. 1917ರ ಜೂನ್‌ನಲ್ಲಿ ಸೇನೆ ಸೇರಿದರು. ಅವರಿದ್ದ ಕಪ್ಪು ವರ್ಣೀಯರ ತುಕಡಿಗೆ ಮುಂದೆ 369ನೇ ಪದಾತಿ ರೆಜಿಮೆಂಟ್ ಎಂಬ ಹೆಸರು ಬಂತು. ಆಗ ಅಮೆರಿಕದ ಸೇನೆಯಲ್ಲಿ ಬಿಳಿಯರು ಬೇರೆ, ಕರಿಯರು ಬೇರೆ. ಇವರನ್ನು ತಮ್ಮ ಜೊತೆ ನಿಲ್ಲಿಸಿ ಹೋರಾಡಿಸಲು ಮನಸ್ಸಿಲ್ಲದೆ ಇಡೀ ರೆಜಿಮೆಂಟನ್ನು ಫ್ರೆಂಚ್ ಸೇನೆಯ ಕೈಗೆ ಒಪ್ಪಿಸಿಬಿಟ್ಟರು. ಬಂದೂಕು ಫ್ರೆಂಚರದ್ದು, ಶಿರಸ್ತ್ರಾಣ ಫ್ರೆಂಚರದ್ದು.

1918ರ ಮೇ 15ರ ನಸುಕಿಗೆ ಮುಂಚೆ, ಫ್ರಾನ್ಸಿನ ಆರ್ಗಾನ್ ಕಾಡಿನ ಅಂಚಿನಲ್ಲಿ ಜಾನ್ಸನ್ ಮತ್ತು ನೀಡ್‌ಹ್ಯಾಮ್ ರಾಬರ್ಟ್ಸ್ ಎಂಬ ಇನ್ನೊಬ್ಬ ಸೈನಿಕ ಪಹರೆಯಲ್ಲಿದ್ದರು. ಕನಿಷ್ಠ ಹನ್ನೆರಡು ಜರ್ಮನ್ ಸೈನಿಕರ ತಂಡ ಏಕಾಏಕಿ ಮೇಲೆರಗಿತು. ಇಬ್ಬರಿಗೂ ಗಾಯವಾಯಿತು. ಬಂದೂಕು ಕೈಕೊಟ್ಟಾಗ ಜಾನ್ಸನ್ ಅದನ್ನೇ ದೊಣ್ಣೆ ಮಾಡಿಕೊಂಡರು. ಶತ್ರುಗಳು ರಾಬರ್ಟ್ಸ್‌ರನ್ನು ಸೆರೆಹಿಡಿದು ಎಳೆದೊಯ್ಯುವುದನ್ನು ಕಂಡು ಚೂರಿ ಹಿಡಿದು ನುಗ್ಗಿದರು. ಗೆಳೆಯನನ್ನು ಬಿಡಿಸಿಕೊಂಡರು. ಶತ್ರುಗಳು ಹಿಂದೆಗೆಯುವವರೆಗೂ ನಿಂತು ಹೋರಾಡಿದರು. ಅವರ ಮೈಮೇಲೆ 21 ಗಾಯಗಳಾಗಿದ್ದವು.

ಫ್ರಾನ್ಸ್ ತಡಮಾಡಲಿಲ್ಲ. ತನ್ನ ಶೌರ್ಯಪದಕ 'ಕ್ರ್ವಾ ದ ಗೆರ್' ಅನ್ನು ಇಬ್ಬರಿಗೂ ಕೊಟ್ಟಿತು. ಅಮೆರಿಕದ ಪತ್ರಿಕೆಗಳು ಜಾನ್ಸನ್‌ರನ್ನು ಹೊಗಳಿದವು. 1919ರ ಫೆಬ್ರವರಿ 17ರಂದು ನ್ಯೂಯಾರ್ಕ್‌ನಲ್ಲಿ ರೆಜಿಮೆಂಟಿನ ಮೆರವಣಿಗೆ ನಡೆದಾಗ ಜನ ಜೈಕಾರ ಹಾಕಿದರು. ಯುದ್ಧದ ಉಳಿತಾಯ ಸ್ಟಾಂಪ್ ಮಾರುವುದಕ್ಕೂ ಅವರ ಹೆಸರು ಬಳಕೆಯಾಯಿತು. ಆದರೆ ಅವರ ಸ್ವಂತ ದೇಶದ ಸೇನೆ ಒಂದು ಪದಕವನ್ನೂ ಕೊಡಲಿಲ್ಲ. ಗಾಯಗಳಿಂದ ಜರ್ಝರಿತರಾದ ಜಾನ್ಸನ್ ಹಳೇ ಕೆಲಸಕ್ಕೆ ಮರಳಲಾಗದೆ 1929ರ ಜುಲೈನಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ.

ಯಾಕೆ ಹೀಗಾಯಿತು? ವರ್ಣಭೇದ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಅದು ನಿಜವೇ. ಆದರೆ ಆ ಭೇದ ಕೆಲಸ ಮಾಡಿದ್ದು ಹೇಗೆ ಎಂದು ವಿದ್ಯಾರ್ಥಿಗಳು ಗಮನಿಸಬೇಕು. ಪದಕಕ್ಕೆ ಮೇಲಧಿಕಾರಿ ಶಿಫಾರಸು ಬರೆಯಬೇಕು. ಕಣ್ಣಾರೆ ಕಂಡವರು ಸಾಕ್ಷಿ ಹೇಳಬೇಕು. ಅದು ಹಂತ ಹಂತವಾಗಿ ಮೇಲಕ್ಕೆ ಹೋಗಬೇಕು, ಅದೂ ನಿಗದಿತ ಅವಧಿಯೊಳಗೆ. ಪದಕ ಕೊಡುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬರೆಯದೆ ಸುಮ್ಮನಿದ್ದರೆ ಸಾಕು, ಅಥವಾ ಬರೆದದ್ದನ್ನು ಎಲ್ಲೋ ಮೂಲೆಯಲ್ಲಿಟ್ಟರೆ ಸಾಕು. ಅದೇ ಯುದ್ಧದಲ್ಲಿ ಮಡಿದ ಫ್ರೆಡ್ಡಿ ಸ್ಟೋವರ್ಸ್ ಎಂಬ ಕಪ್ಪು ಸೈನಿಕರಿಗೆ ಅತ್ಯುನ್ನತವಾದ 'ಮೆಡಲ್ ಆಫ್ ಆನರ್' ಕೊಡಬೇಕೆಂದು 1918ರಲ್ಲೇ ಶಿಫಾರಸಾಗಿತ್ತು. ಆ ಕಾಗದ ಮುಂದಕ್ಕೆ ಹೋಗಲೇ ಇಲ್ಲ. ಪದಕ ಅವರ ಅಕ್ಕತಂಗಿಯರ ಕೈ ಸೇರಿದ್ದು 1991ರಲ್ಲಿ.

ತಪ್ಪಿದ ದಾಖಲೆ ಸರಿಪಡಿಸಲು ಅಮೆರಿಕದಲ್ಲಿ ವ್ಯವಸ್ಥೆಯೇ ಇಲ್ಲ ಅಂತಲ್ಲ. ಹಿಂದೆ ಒಬ್ಬೊಬ್ಬ ಸೈನಿಕನಿಗಾಗಿ ಸಂಸತ್ತು ಬೇರೆ ಬೇರೆ ಮಸೂದೆ ಪಾಸು ಮಾಡಬೇಕಿತ್ತು. 1946ರ ಕಾನೂನು ಆ ಕೆಲಸವನ್ನು ದಾಖಲೆ ತಿದ್ದುಪಡಿ ಮಂಡಳಿಗಳಿಗೆ ವಹಿಸಿತು. ಈ ಮಂಡಳಿಗಳಲ್ಲಿ ಕೂರುವವರು ಸೈನಿಕರಲ್ಲ, ನಾಗರಿಕ ಅಧಿಕಾರಿಗಳು. ಡಿಡಿ 149 ಎಂಬ ಅರ್ಜಿ ತುಂಬಬೇಕು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಕೊಡಬೇಕು. ನ್ಯಾಯದ ದೃಷ್ಟಿಯಿಂದ ಈ ಗಡುವನ್ನು ಸಡಿಲಿಸುವ ಅಧಿಕಾರ ಮಂಡಳಿಗಿದೆ.

ಇಲ್ಲಿ ಮೂರು ಬಗೆಯ ಅರ್ಜಿಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಪದಕ ಕೊಟ್ಟ ಆದೇಶ ಇದೆ, ಡಿಡಿ 214ರಲ್ಲಿ ಬರೆಯುವುದು ಬಿಟ್ಟುಹೋಗಿದೆ ಎಂದಾದರೆ ಕೆಲಸ ಸಲೀಸು. ಡಿಡಿ 215 ಎಂಬ ತಿದ್ದುಪಡಿ ಹಾಳೆ ಹೊರಡಿಸಿ ಸೇರಿಸುತ್ತಾರೆ. ಆದೇಶವೇ ಸಿಗುವುದಿಲ್ಲ, ಆದರೆ ಅರ್ಹತೆ ಇತ್ತು ಎಂದಾದರೆ ಮಂಡಳಿಯ ಮುಂದೆ ರುಜುವಾತು ಮಾಡಬೇಕು. ಶೌರ್ಯಪದಕಕ್ಕೆ ಶಿಫಾರಸೇ ಆಗಿರಲಿಲ್ಲ, ಅವಧಿಯೂ ಮುಗಿದಿದೆ ಎಂದಾದರೆ, 1996ರ ಕಾನೂನಿನ ಪ್ರಕಾರ ಸಂಸದರೊಬ್ಬರ ಮೂಲಕ ಮರುಪರಿಶೀಲನೆ ಕೇಳಬಹುದು.

ಮಂಡಳಿ ವಿಚಾರಣೆ ಶುರು ಮಾಡುವುದೇ ಸೇನೆಯ ದಾಖಲೆ ಸರಿಯಾಗಿದೆ ಎಂಬ ಊಹೆಯಿಂದ. ತಪ್ಪಿದೆ ಎಂದು ತೋರಿಸಿಕೊಡುವ ಹೊರೆ ಅರ್ಜಿದಾರನದ್ದು. ದಾಖಲೆ ಬರೆದವರು ಅವರು, ಇಟ್ಟುಕೊಂಡವರೂ ಅವರೇ. ಕಳೆದುಹೋದರೆ ಹುಡುಕಿ ತರಬೇಕಾದವನು ಮಾತ್ರ ಸೈನಿಕ!

ಕಳೆದುಹೋದದ್ದೂ ಸಣ್ಣ ಪ್ರಮಾಣದಲ್ಲಲ್ಲ. 1973ರ ಜುಲೈ 12ರ ರಾತ್ರಿ ಸೇಂಟ್ ಲೂಯಿಸ್ ಹತ್ತಿರದ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದ ಆರನೇ ಮಹಡಿಗೆ ಬೆಂಕಿ ಬಿತ್ತು. ಸುಮಾರು 1.6 ಕೋಟಿಯಿಂದ 1.8 ಕೋಟಿ ಕಡತಗಳು ನಾಶವಾದವು. 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೇನೆಯ ಸಿಬ್ಬಂದಿಯ ದಾಖಲೆಗಳಲ್ಲಿ ಶೇ. 80ರಷ್ಟು ಹೋದವು. ನಕಲು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಏನೇನಿತ್ತು ಎಂಬ ಪಟ್ಟಿಯೂ ಇರಲಿಲ್ಲ. ಎರಡು ಮಹಾಯುದ್ಧ ಮತ್ತು ಕೊರಿಯಾ ಯುದ್ಧದಲ್ಲಿ ದುಡಿದ ಲಕ್ಷಾಂತರ ಮಂದಿಯ ಸೇವೆಯ ಪುರಾವೆ ಹೀಗೆ ಬೂದಿಯಾಯಿತು.

ಆಮೇಲೆ ಅರ್ಜಿ ಹಾಕಿದವರು ಬೇರೆ ದಾರಿ ಹಿಡಿಯಬೇಕಾಯಿತು. ತುಕಡಿಯಲ್ಲಿ ಯಾರು ಹಾಜರು, ಯಾರು ಆಸ್ಪತ್ರೆಗೆ ಹೋದರು ಎಂದು ದಿನಾ ಬರೆಯುತ್ತಿದ್ದ ಬೆಳಗಿನ ವರದಿ, ಕೊನೆಯ ಸಂಬಳದ ರಸೀದಿ, ಜೊತೆಗಿದ್ದ ಸೈನಿಕರ ಪ್ರಮಾಣಪತ್ರ, ಮನೆಗೆ ಬರೆದ ಕಾಗದ, ಊರ ಪತ್ರಿಕೆಯ ತುಣುಕು... ಹೀಗೆ ಒಂದೊಂದೇ ಕೂಡಿಸಿ ತರಬೇಕು. ಪರ್ಪಲ್ ಹಾರ್ಟ್‌ಗಂತೂ ಗಾಯ ಶತ್ರುವಿನಿಂದ ಆದದ್ದು, ಅದಕ್ಕೆ ಚಿಕಿತ್ಸೆ ಆದದ್ದು ಎರಡೂ ತೋರಿಸಬೇಕು. ಯುದ್ಧಭೂಮಿಯಲ್ಲಿ ಪಟ್ಟಿ ಕಟ್ಟಿದವನು ಅದನ್ನು ಬರೆದಿಟ್ಟಿರಬೇಕು ಎಂದರೆ ಎಷ್ಟು ಕಷ್ಟ ನೋಡಿ.

ಜಾನ್ಸನ್ ಪ್ರಕರಣಕ್ಕೆ ಮರಳೋಣ. ಅವರ ಪರವಾಗಿ ಅಭಿಮಾನಿಗಳು, ಮಾಜಿ ಸೈನಿಕರು, ಆಲ್ಬನಿಯ ಜನ ವರ್ಷಗಟ್ಟಲೆ ಪಟ್ಟು ಹಿಡಿದರು. 1996ರಲ್ಲಿ ಮರಣೋತ್ತರ ಪರ್ಪಲ್ ಹಾರ್ಟ್ ಬಂತು. 2002ರಲ್ಲಿ ಎರಡನೇ ದೊಡ್ಡ ಪದಕವಾದ 'ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್' ಬಂತು. ಅತ್ಯುನ್ನತ ಪದಕಕ್ಕೆ ಮಾತ್ರ ಪುರಾವೆ ಸಾಲದು ಎಂಬ ಉತ್ತರ. ಕೊನೆಗೆ ಸೆನೆಟರ್ ಚಕ್ ಶೂಮರ್ ಅವರ ಸಿಬ್ಬಂದಿ ಹಳೇ ಕಾಗದಗಳನ್ನು ಜಾಲಾಡಿದಾಗ, ಅಮೆರಿಕದ ಸೇನಾನಿ ಜನರಲ್ ಪರ್ಶಿಂಗ್ 1918ರಲ್ಲೇ ಕಳಿಸಿದ್ದ ಸಂದೇಶವೊಂದು ಸಿಕ್ಕಿತು. ಅದರಲ್ಲಿ ಆ ರಾತ್ರಿಯ ಹೋರಾಟದ ವರ್ಣನೆ ಇತ್ತು. 2011ರಲ್ಲಿ ಸುಮಾರು 1,300 ಪುಟಗಳ ಮನವಿ ಸೇನೆಗೆ ಹೋಯಿತು. ಅವಧಿ ಮೀರಿದ್ದರಿಂದ ಸಂಸತ್ತು ಕಾನೂನಿನ ಮೂಲಕ ವಿನಾಯಿತಿ ಕೊಟ್ಟಿತು. 2015ರ ಜೂನ್ 2ರಂದು ಅಧ್ಯಕ್ಷ ಒಬಾಮ ಮೆಡಲ್ ಆಫ್ ಆನರ್ ಪ್ರದಾನ ಮಾಡಿದರು. ಘಟನೆ ನಡೆದು 97 ವರ್ಷ ಕಳೆದಿತ್ತು.

ಅದನ್ನು ಸ್ವೀಕರಿಸಲು ಮನೆಯವರು ಯಾರೂ ಇರಲಿಲ್ಲ. ಹರ್ಮನ್ ಜಾನ್ಸನ್ ಎಂಬ ಮಾಜಿ ಸೈನಿಕರು ತಾನು ಅವರ ಮಗನೆಂದೇ ನಂಬಿ ಅದಕ್ಕಾಗಿ ಹೋರಾಡಿದ್ದರು, ಹಿಂದಿನ ಪದಕವನ್ನೂ ಪಡೆದಿದ್ದರು. ಸಮಾರಂಭಕ್ಕೆ ಮುಂಚೆ ಸೇನೆ ವಂಶಾವಳಿ ಪರಿಶೀಲಿಸಿದಾಗ ರಕ್ತಸಂಬಂಧ ಇಲ್ಲವೆಂದು ಕಂಡುಬಂತು. ಹರ್ಮನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಪದಕವನ್ನು ನ್ಯೂಯಾರ್ಕ್ ನ್ಯಾಷನಲ್ ಗಾರ್ಡ್‌ನ ಅಧಿಕಾರಿಯೊಬ್ಬರು ಸ್ವೀಕರಿಸಿದರು. ಜಾನ್ಸನ್‌ರ ಗೋರಿಯ ವಿಷಯವೂ ಹಾಗೇ. ದಿಕ್ಕಿಲ್ಲದವರಂತೆ ಎಲ್ಲೋ ಮಣ್ಣಾದರು ಎಂದು ಜನ ತಿಳಿದಿದ್ದರು. ಆರ್ಲಿಂಗ್ಟನ್‌ನಲ್ಲೇ ಗೌರವದಿಂದ ದಫನ್ ಆಗಿದ್ದರು ಎಂಬುದು ಹೊರಬಿದ್ದದ್ದು ಏಳು ದಶಕದ ಮೇಲೆ. ದಾಖಲೆ ಅಲ್ಲೇ ಇತ್ತು, ನೋಡಿದವರಿರಲಿಲ್ಲ.

ನಮ್ಮಲ್ಲಿ ಅನೇಕರು ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ ಎಂದು ಬಂದು ನೆಲೆಸಿದವರು. ಒಂದು ಕಾಗದದಲ್ಲಿ ಮಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್ ಎಂದಿದ್ದಕ್ಕೆ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕು ಎಂಬುದು ನಮಗೆ ಗೊತ್ತು. ಅಜ್ಜ ಮಿಲಿಟರಿಯಲ್ಲೋ ರೈಲ್ವೆಯಲ್ಲೋ ಬಂದರಿನಲ್ಲೋ ದುಡಿದಿದ್ದರೆ ಅವರ ಕಾಗದಗಳು ಊರಿನ ಮನೆಯ ಟ್ರಂಕಿನಲ್ಲಿ ಇನ್ನೂ ಇರಬಹುದು. ಈ ಸಲ ರಜೆಗೆ ಹೋದಾಗ ಅದನ್ನು ತೆರೆದು ನೋಡಿ. ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಅಜ್ಜ ಇದ್ದರೆ ಹತ್ತಿರ ಕೂತು, ಯಾವ ವರ್ಷ, ಯಾವ ಜಾಗ, ಜೊತೆಗೆ ಯಾರಿದ್ದರು ಎಂದು ಕೇಳಿ ಬರೆದುಕೊಳ್ಳಿ. ಜಾನ್ಸನ್‌ರ ಪಕ್ಕದಲ್ಲಿ ಹಾಗೆ ಕೂತು ಕೇಳಿ ಬರೆದಿಟ್ಟವರು ಒಬ್ಬರಿದ್ದಿದ್ದರೆ, 1,300 ಪುಟ ಬೇಕಾಗುತ್ತಿರಲಿಲ್ಲವೇನೋ.