ಕುಡಿಯದವರಿಗೂ ಬರುವ ಯಕೃತ್ತಿನ ರೋಗ

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ರಾಮಾಪುರ, ಮಳೆಯನ್ನೇ ನಂಬಿದ ಹೊಲಗಳ ಸೀಮೆ. ರಾಗಿ ಮುದ್ದೆ, ಸೊಪ್ಪಿನ ಸಾರು, ದಿನವಿಡೀ ಮೈಮುರಿಯುವ ದುಡಿಮೆ ಇಲ್ಲಿನ ಹಿರಿಯರ ಬದುಕಾಗಿತ್ತು. ಇಂದು ಇಂಥ ಊರುಗಳಲ್ಲೂ ಸ್ಕ್ಯಾನಿಂಗ್ ವರದಿಯಲ್ಲಿ 'ಫ್ಯಾಟಿ ಲಿವರ್' ಎಂದಿದ್ದರೆ ನಾವು ಮೊದಲು ಕೇಳುವುದು, 'ಕುಡಿಯುತ್ತಿದ್ದರೇ?' ಎಂದು. ಎಂದೂ ಮದ್ಯ ಮುಟ್ಟದವರು ನಾಚಿ ವರದಿಯನ್ನೇ ಮುಚ್ಚಿಡುತ್ತಾರೆ.

ಈ ಸಂಶಯಕ್ಕೂ ಒಂದು ಇತಿಹಾಸವಿದೆ. ಬಹುಕಾಲ ವೈದ್ಯರು ಕೂಡ ಯಕೃತ್ತಿನ ಇಂಥ ಹಾನಿಯನ್ನು ಕುಡಿತಕ್ಕೇ ತಳಕು ಹಾಕುತ್ತಿದ್ದರು. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ಬಗ್ಗೆ ವರದಿ ಪ್ರಕಟಿಸಿದರು. ಯಕೃತ್ತಿನಲ್ಲಿ ಕಂಡದ್ದು ಕುಡುಕರಲ್ಲಿ ಕಾಣುವಂಥದೇ ಹಾನಿ. ಆದರೆ ಅವರು ಕುಡುಕರಾಗಿರಲಿಲ್ಲ. ಹೆಚ್ಚಿನವರು ಸ್ಥೂಲಕಾಯದವರು, ಹಲವರಿಗೆ ಸಕ್ಕರೆ ಕಾಯಿಲೆಯೂ ಇತ್ತು. 2021ರಲ್ಲಿ ಭಾರತ ಸರಕಾರ ಈ ರೋಗವನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. 2023ರಲ್ಲಿ ತಜ್ಞರು ರೋಗದ ಹೆಸರಿನಿಂದ ಮದ್ಯದ ಪ್ರಸ್ತಾಪವನ್ನೇ ತೆಗೆದುಹಾಕಿದರು.

ಹೊಟ್ಟೆಯ ಸುತ್ತ ಬೊಜ್ಜು ಬೆಳೆದಾಗ ಇನ್ಸುಲಿನ್‌ನ ಹಿಡಿತ ಸಡಿಲವಾಗುತ್ತದೆ. ಆಗ ಹೆಚ್ಚುವರಿ ಕೊಬ್ಬು ಯಕೃತ್ತಿನಲ್ಲಿ ಮನೆ ಮಾಡುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಸೂಚನೆಯಿಲ್ಲ. ಕೆಲವರಲ್ಲಿ ವರ್ಷಗಳ ನಂತರ ಯಕೃತ್ತು ಗಾಯಗೊಂಡು ಗಟ್ಟಿಯಾಗುತ್ತದೆ. ಆದರೆ ಸ್ಥೂಲಕಾಯದವರು ದೇಹತೂಕದಲ್ಲಿ ಶೇಕಡಾ 7ರಿಂದ 10ರಷ್ಟು ಇಳಿಸಿಕೊಂಡರೆ ಕೊಬ್ಬೂ ಉರಿಯೂತವೂ ಬಹುಮಟ್ಟಿಗೆ ತಗ್ಗುತ್ತವೆ.

ದುಡಿಮೆ ಕಡಿಮೆಯಾಗಿದೆ; ತಟ್ಟೆಯಲ್ಲಿ ಅನ್ನ, ಸಕ್ಕರೆ, ಎಣ್ಣೆ ಹೆಚ್ಚಾಗಿವೆ. ಬರಿಯ ಮುದ್ದೆಗೆ ಮರಳಿದರೆ ಸಾಲದು, ಮೈಯೂ ಬಗ್ಗಬೇಕು. ಕುಡಿತದ ಪ್ರಶ್ನೆಯನ್ನು ವೈದ್ಯರಿಗೆ ಬಿಡೋಣ. ಏನು ಉಣ್ಣುತ್ತಿದ್ದೇವೆ, ಎಷ್ಟು ನಡೆಯುತ್ತಿದ್ದೇವೆ ಎಂದು ನಮ್ಮನ್ನೇ ಕೇಳಿಕೊಳ್ಳೋಣ.